ಗಡಿಯಿಲ್ಲದ ಬಳಗ, ಗಡಿ ದಾಟುವ ಅನ್ಯೋನ್ಯತೆ: ಜಾಲದ ಆಟಗಳನ್ನು ಕುರಿತು ಒಂದು ದೇವಶಾಸ್ತ್ರೀಯ ವಿಮರ್ಶೆ

ಪೀಠಿಕೆ

ಬೇಗೂರು ನಂಜನಗೂಡಿನಿಂದ ಗುಂಡ್ಲುಪೇಟೆಗೆ ಹೋಗುವ ಹೆದ್ದಾರಿಯ ಮೇಲಿನ ಊರು. ಗುಂಡ್ಲುಪೇಟೆಯನ್ನು ಸೇರಿದ ಮೇಲೆ ದಾರಿ ಕವಲೊಡೆಯುತ್ತದೆ. ಒಂದು ಬಂಡೀಪುರದ ಕಾಡನ್ನು ಹಾದು ನೀಲಗಿರಿಗೆ ಏರುತ್ತದೆ. ಇನ್ನೊಂದು ಮುತ್ತಂಗದ ಮಾರ್ಗವಾಗಿ ಸುಲ್ತಾನ್ ಬತ್ತೇರಿಗೆ ಇಳಿಯುತ್ತದೆ. ಮೂರು ರಾಜ್ಯಗಳು, ಮೂರು ಭಾಷೆಗಳು ಇಲ್ಲಿ ಒಂದನ್ನೊಂದು ತಾಗಿಕೊಂಡಿವೆ. ಈ ಸೀಮೆಯ ತರಕಾರಿ, ಚೆಂಡುಹೂವು ಕೇರಳಕ್ಕೆ ಹೋಗುತ್ತವೆ. ವಯನಾಡಿನ ಬೆಳೆಗಾರರು ಶುಂಠಿ ಹಾಕಲು ಈ ಕಡೆಯ ಹೊಲಗಳನ್ನು ಗುತ್ತಿಗೆಗೆ ಹಿಡಿಯುತ್ತಾರೆ. ಆದರೆ ೨೦೦೯ರಿಂದ ಈಚೆಗೆ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಕಾಡಿನೊಳಗಿನ ದಾರಿ ಸಾಮಾನ್ಯ ವಾಹನಗಳಿಗೆ ಮುಚ್ಚಿರುತ್ತದೆ. ವನ್ಯಜೀವಿಗಳ ರಕ್ಷಣೆಗೆಂದು ಮಾಡಿದ ಈ ನಿಯಮದ ಸಾಧಕಬಾಧಕಗಳು ನಮ್ಮ ಚರ್ಚೆಯ ವಿಷಯವಲ್ಲ. ನಾವು ಗಮನಿಸುವುದು ಇಷ್ಟನ್ನೇ: ಚೆಕ್‌ಪೋಸ್ಟಿನ ಗೇಟು ಬೀಳುವ ಹೊತ್ತಿಗೆ ಯೌವನಸ್ಥರ ಕೈಯಲ್ಲಿನ ಫೋನುಗಳಲ್ಲಿ ಇನ್ನೊಂದು ದಾರಿ ತೆರೆದುಕೊಳ್ಳುತ್ತದೆ. ಬೇಗೂರಿನ ಒಬ್ಬ, ಬತ್ತೇರಿಯ ಒಬ್ಬ, ಗೂಡಲೂರಿನ ಒಬ್ಬ, ತಿರುಪ್ಪೂರಿನಲ್ಲಿ ದುಡಿಯುವ ಮತ್ತೊಬ್ಬ ಒಂದೇ ತಂಡವಾಗಿ ಆಡಬಲ್ಲರು. ಕನ್ನಡ, ಮಲಯಾಳ, ತಮಿಳು, ಹಿಂದಿ ಬೆರೆತ ಮಾತಿನಲ್ಲಿ ಅವರು ಒಬ್ಬರನ್ನೊಬ್ಬರು ಕಾಯಬಲ್ಲರು.

ಈ ಹೊಸ ಬಳಗವನ್ನು ಕುರಿತು ಎರಡು ಮಾತುಗಳು ಬಳಕೆಯಲ್ಲಿವೆ. ಮೊದಲನೆಯದು ಪ್ರಸಂಗಪೀಠದಿಂದಲೂ ಹೆತ್ತವರಿಂದಲೂ ಕೇಳಿಬರುತ್ತದೆ: ಇದು ಚಟ, ಇದು ಸುಳ್ಳುಲೋಕ. ಎರಡನೆಯದು ತಂತ್ರಜ್ಞಾನವನ್ನು ಕೊಂಡಾಡುವವರದು: ಇದು ಜಾತಿ, ಭಾಷೆ, ದೇಶಗಳ ಗಡಿಯನ್ನೇ ಅಳಿಸಿದ ಸಮುದಾಯ. ಮೊದಲನೆಯ ಮಾತಿಗೆ ಆಧಾರವಿಲ್ಲವೆನ್ನಲಾಗದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ತಂತ್ರಜ್ಞಾನದ ಅತಿಬಳಕೆಗೆ ಸಿಲುಕಿದವರಿಗಾಗಿ ೨೦೧೪ರಲ್ಲೇ ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆಯಿತು. ವಿಶ್ವ ಆರೋಗ್ಯ ಸಂಸ್ಥೆ ೨೦೧೯ರಲ್ಲಿ ಅಂಗೀಕರಿಸಿದ ರೋಗವರ್ಗೀಕರಣದಲ್ಲಿ ಆಟದ ವ್ಯಸನಕ್ಕೆ ಸ್ಥಾನ ಕೊಟ್ಟಿತು. ಆದರೆ ಆಡುವವರೆಲ್ಲ ರೋಗಿಗಳಲ್ಲ. ರೋಗವಿಲ್ಲದವರೂ ರಾತ್ರಿ ರಾತ್ರಿ ಅಲ್ಲಿಗೇ ಹೋಗುವುದು ಏತಕ್ಕೆ, ಅಲ್ಲಿ ಅವರಿಗೆ ದೊರೆಯುವುದೇನು ಎಂಬ ಪ್ರಶ್ನೆಗೆ ವೈದ್ಯಶಾಸ್ತ್ರದಿಂದ ಉತ್ತರ ಬರುವುದಿಲ್ಲ. ಅದು ಸಭೆಯ ಸ್ವರೂಪವನ್ನು ಕುರಿತ ಪ್ರಶ್ನೆ. ಆದುದರಿಂದ ದೇವಶಾಸ್ತ್ರದ ಪ್ರಶ್ನೆ.

ಎರಡನೆಯ ಮಾತನ್ನು ನಾವು ಇಲ್ಲಿ ಮುಖ್ಯವಾಗಿ ಪರೀಕ್ಷಿಸುತ್ತೇವೆ. ಗಡಿಯಿಲ್ಲದಿರುವುದು ಬೇರೆ, ಗಡಿಯನ್ನು ದಾಟುವುದು ಬೇರೆ ಎಂಬುದು ನಮ್ಮ ವಾದ. ಹೆಸರು, ಮೈ, ಊರು, ಜಾತಿಗಳನ್ನು ಬಾಗಿಲ ಹೊರಗಿಟ್ಟು ಬಂದವರಿಗೆ ಗಡಿ ಕಾಣುವುದಿಲ್ಲ. ಅವೆಲ್ಲವನ್ನೂ ಹೊತ್ತು ಬಂದವರ ನಡುವೆ ಗಡಿ ಮುರಿದರೆ ಮಾತ್ರ ಅದನ್ನು ಸುವಾರ್ತೆಯ ಅರ್ಥದಲ್ಲಿ ಅನ್ಯೋನ್ಯತೆ ಎನ್ನಬಹುದು. ಈ ಅಳತೆಗೋಲನ್ನು ಆಟದ ಬಳಗಕ್ಕೆ ಹಿಡಿಯುವವರು ಸಭೆಗೂ ಹಿಡಿಯಬೇಕಾಗುತ್ತದೆ.

೧. ಆಟದ ರೂಪ

ಆಟವೆಂದೊಡನೆ ಅದನ್ನು ಹಗುರವೆಂದು ತಳ್ಳಿಹಾಕುವುದು ವೇದಾಗಮಕ್ಕೆ ಒಪ್ಪುವ ರೀತಿಯಲ್ಲ. ಜೆಕರ್ಯನು ಯೆರೂಸಲೇಮಿನ ಬಿಡುಗಡೆಯನ್ನು ಚಿತ್ರಿಸುವಾಗ ಬೀದಿಗಳ ತುಂಬ ಆಡುವ ಹುಡುಗ ಹುಡುಗಿಯರನ್ನು ಕಾಣುತ್ತಾನೆ. ಜ್ಞಾನೋಕ್ತಿಗಳ ಎಂಟನೆಯ ಅಧ್ಯಾಯದಲ್ಲಿ ಜ್ಞಾನವು ಸೃಷ್ಟಿಕರ್ತನ ಸನ್ನಿಧಿಯಲ್ಲಿ ನಲಿದಾಡುತ್ತದೆ. ಡಚ್ ಇತಿಹಾಸಕಾರ ಯೋಹಾನ್ ಹೌಜಿಂಗ ೧೯೩೮ರಲ್ಲಿ ಪ್ರಕಟಿಸಿದ ‘ಹೋಮೋ ಲೂಡೆನ್ಸ್’ ಗ್ರಂಥದಲ್ಲಿ ಒಂದು ಮುಖ್ಯ ವಿಷಯವನ್ನು ಗುರುತಿಸಿದನು: ಒಟ್ಟಿಗೆ ಆಡಿದವರು ಆಟ ಮುಗಿದ ಮೇಲೂ ಬಳಗವಾಗಿ ಉಳಿಯಲು ಬಯಸುತ್ತಾರೆ. ಜಾಲದ ಆಟಗಳ ಬಳಗಗಳು ಈ ಬಯಕೆಯ ಇಂದಿನ ರೂಪ. ಆದುದರಿಂದ ಆಟವನ್ನು ಒಂದು ಪಠ್ಯದಂತೆ ಓದಿ ಅದರ ರಚನೆ ಯಾವ ಬಗೆಯ ಬಳಗವನ್ನು ಕಲಿಸುತ್ತದೆಂದು ಕೇಳುವುದು ನ್ಯಾಯವಾಗಿದೆ.

ನಮ್ಮ ಜಿಲ್ಲೆಗಳಲ್ಲಿ ಇಂದಿಗೂ ‘ಪಬ್‌ಜಿ’ ಎಂದೇ ಕರೆಯಲ್ಪಡುವ ಆಟವನ್ನು ತೆಗೆದುಕೊಳ್ಳೋಣ. ನೂರು ಮಂದಿ ವಿಮಾನದಿಂದ ಒಂದು ದ್ವೀಪಕ್ಕೆ ಬರಿಗೈಯಲ್ಲಿ ಇಳಿಯುತ್ತಾರೆ. ನಾಲ್ವರು ಸೇರಿ ಒಂದು ತಂಡ. ಬದುಕಲು ಅವಕಾಶವಿರುವ ವರ್ತುಲ ಹೊತ್ತು ಹೋದಂತೆ ಕಿರಿದಾಗುತ್ತದೆ. ಅದರಾಚೆ ಉಳಿದವರ ಪ್ರಾಣ ಸೋರಿಹೋಗುತ್ತದೆ. ಕಡೆಗೆ ಒಂದೇ ತಂಡ ಉಳಿಯಬೇಕು. ಉಳಿದವರಿಗೆ ಪರದೆಯ ಮೇಲೆ ಕಾಣುವ ಅಭಿನಂದನೆ, ಗೆದ್ದವರಿಗೆ ಕೋಳಿಯೂಟ ಎಂಬರ್ಥದ ಒಂದು ಇಂಗ್ಲಿಷ್ ಮಾತು.

ಈ ರಚನೆಯಲ್ಲಿ ಸುಂದರವಾದುದೊಂದಿದೆ. ಗುಂಡು ತಾಗಿ ನೆಲಕ್ಕೆ ಬಿದ್ದ ಸಂಗಡಿಗನು ಕೂಡಲೇ ಸಾಯುವುದಿಲ್ಲ. ಜೊತೆಗಾರನು ಅವನ ಬಳಿಗೆ ತೆವಳಿ ಬಂದು ಕೆಲವು ಕ್ಷಣ ಅಲ್ಲೇ ಕುಳಿತರೆ ಅವನು ಮತ್ತೆ ಏಳುತ್ತಾನೆ. ಆ ಕ್ಷಣಗಳಲ್ಲಿ ಎಬ್ಬಿಸುವವನು ತಾನೇ ಗುರಿಯಾಗಬಹುದು. ಆದರೂ ಹುಡುಗರು ಓಡಿ ಬರುತ್ತಾರೆ. ಪ್ರಾಣವನ್ನು ಪಣಕ್ಕಿಟ್ಟು ಬಿದ್ದವನನ್ನು ಎಬ್ಬಿಸುವ ಈ ಅಭ್ಯಾಸವನ್ನು ಆಟವೆಂಬ ಒಂದೇ ಕಾರಣಕ್ಕೆ ಹೀಗಳೆಯುವುದು ತರವಲ್ಲ. ಆದರೆ ನಾಲ್ವರ ಪ್ರೀತಿ ನಿಂತಿರುವುದು ತೊಂಬತ್ತಾರು ಮಂದಿಯ ನಿರ್ಗಮನದ ಮೇಲೆ. ವರ್ತುಲ ಕಿರಿದಾಗುವುದೇ ಆಟದ ಧರ್ಮ. ಯೆಶಾಯನ ಗ್ರಂಥದ ಐವತ್ತನಾಲ್ಕನೆಯ ಅಧ್ಯಾಯ ಗುಡಾರವನ್ನು ಅಗಲಗೊಳಿಸಿ ಹಗ್ಗಗಳನ್ನು ಉದ್ದ ಮಾಡಲು ಹೇಳುತ್ತದೆ. ಇಲ್ಲಿಯ ಗುಡಾರ ನಿಮಿಷ ನಿಮಿಷಕ್ಕೂ ಚಿಕ್ಕದಾಗುತ್ತದೆ. ಊಟವೂ ಗೆದ್ದವರಿಗೆ ಮಾತ್ರ. ಕರ್ತನ ಭೋಜನವಾದರೋ ಸೋಲಿನ ರಾತ್ರಿಯಲ್ಲಿ, ಕೆಲವೇ ಗಳಿಗೆಗಳಲ್ಲಿ ಓಡಿಹೋಗಲಿದ್ದವರಿಗೆ ಬಡಿಸಲ್ಪಟ್ಟಿತು.

ಆಟದ ರೂಪವನ್ನಷ್ಟೇ ಓದಿ ತೀರ್ಪು ಕೊಡುವುದು ಸಾಲದು. ಪಂದ್ಯ ಆರಂಭವಾಗುವ ಮುನ್ನ ಕಾಯುವಾಗ, ಒಂದು ಮುಗಿದು ಇನ್ನೊಂದು ತೊಡಗುವ ನಡುವೆ, ಯೌವನಸ್ಥರು ಪರೀಕ್ಷೆಯನ್ನು, ಕೆಲಸವಿಲ್ಲದ ದಿನಗಳನ್ನು, ಮನೆಯ ಸಾಲವನ್ನು ಮಾತಾಡಿಕೊಳ್ಳುತ್ತಾರೆ. ಆಟದ ನಿಯಮ ಕಲಿಸದ ಅಕ್ಕರೆ ಆಟದ ಅಂಚಿನಲ್ಲಿ ಹುಟ್ಟುತ್ತದೆ. ನಮ್ಮ ಪ್ರಶ್ನೆ ಆ ಅಕ್ಕರೆಯನ್ನು ಕುರಿತದ್ದು.

೨. ಗಡಿಯಿಲ್ಲವೆಂಬ ಮಾತು ಎಷ್ಟು ನಿಜ?

ಭಾರತ ಸರ್ಕಾರವು ೨೦೨೦ರ ಸೆಪ್ಟೆಂಬರ್ ೨ರಂದು ಪಬ್‌ಜಿ ಮೊಬೈಲ್ ಸೇರಿದಂತೆ ೧೧೮ ಆ್ಯಪ್‌ಗಳನ್ನು ನಿಷೇಧಿಸಿತು. ಗಡಿಯಲ್ಲಿ ಚೀನಾದೊಡನೆ ಉಂಟಾದ ಸಂಘರ್ಷವೇ ಅದರ ಹಿನ್ನೆಲೆ. ಅದೇ ವರ್ಷದ ಅಕ್ಟೋಬರ್ ೩೦ರಂದು ಆಟದ ಸೇವೆ ಭಾರತದಲ್ಲಿ ಪೂರ್ತಿ ನಿಂತಿತು. ೨೦೨೧ರ ಜುಲೈ ೨ರಂದು ದಕ್ಷಿಣ ಕೊರಿಯಾದ ಕಂಪನಿಯು ಅದನ್ನು ಭಾರತಕ್ಕೆಂದೇ ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ ಎಂಬ ಹೆಸರಿನಲ್ಲಿ ಹೊರತಂದಿತು. ಇದರಲ್ಲಿ ರಕ್ತಕ್ಕೆ ಬೇರೆ ಬಣ್ಣ ಬಂದಿತು. ‘ಕೊಲ್ಲು’ ಎಂಬುದರ ಬದಲು ‘ಮುಗಿಸು’ ಎಂಬರ್ಥದ ಪದ ಬಂದಿತು. ಆಟಗಾರರು ಭಾರತೀಯರೇ ಆದರು. ಮುನ್ನ ನೇಪಾಳದವರೊಡನೆ, ಪಾಕಿಸ್ತಾನದವರೊಡನೆ ಒಂದೇ ತಂಡದಲ್ಲಿ ಆಡುವುದು ಸಾಧ್ಯವಿತ್ತು. ಹೊಸ ಆಟದಲ್ಲಿ ಆ ಬಾಗಿಲು ಮುಚ್ಚಿತು. ೨೦೨೨ರ ಜುಲೈಯಲ್ಲಿ ಈ ಆಟವೂ ಆ್ಯಪ್ ಅಂಗಡಿಗಳಿಂದ ಮರೆಯಾಗಿ, ೨೦೨೩ರ ಮೇ ತಿಂಗಳಲ್ಲಿ ಮರಳಿತು.

ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಒಂದು, ಗಡಿ ಅಳಿದಿರಲಿಲ್ಲ. ಅದು ಸರ್ವರಿನೊಳಗೆ ಕಾಣದಂತೆ ಕುಳಿತಿತ್ತು. ಎರಡು, ಬಳಗ ನಿಂತಿದ್ದ ನೆಲ ಬಳಗದ್ದಾಗಿರಲಿಲ್ಲ. ಒಂದು ಸರ್ಕಾರಿ ಆಜ್ಞೆ, ಒಂದು ಕಂಪನಿಯ ತೀರ್ಮಾನ, ಇವುಗಳಿಂದ ಎರಡು ವರ್ಷದ ಗೆಳೆಯರು ಒಬ್ಬರ ನಿಜವಾದ ಹೆಸರು ಇನ್ನೊಬ್ಬರಿಗೆ ತಿಳಿಯದೆಯೇ ಚದುರಿಹೋಗಬಹುದು. ಕರ್ನಾಟಕದ ಶಾಸಕಾಂಗವು ೨೦೨೧ರಲ್ಲಿ ಪಣವಿಟ್ಟು ಆಡುವ ಜಾಲದ ಆಟಗಳನ್ನು ನಿಷೇಧಿಸಿತು. ಆ ತಿದ್ದುಪಡಿಯ ಮುಖ್ಯ ಅಂಶಗಳನ್ನು ರಾಜ್ಯದ ಉಚ್ಚ ನ್ಯಾಯಾಲಯ ೨೦೨೨ರ ಫೆಬ್ರವರಿ ೧೪ರಂದು ರದ್ದುಗೊಳಿಸಿತು. ೨೦೨೫ರ ಆಗಸ್ಟ್‌ನಲ್ಲಿ ಸಂಸತ್ತು ಹಣದ ಆಟಗಳನ್ನು ದೇಶಕ್ಕೆಲ್ಲ ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ಈ ಚರ್ಚೆಗಳಲ್ಲಿ ಹಣವೂ ಕೌಶಲವೂ ತೂಗಲ್ಪಟ್ಟವು. ಚದುರಿದ ಗೆಳೆತನವನ್ನು ತೂಗುವ ತಕ್ಕಡಿ ಯಾರಲ್ಲಿಯೂ ಇರಲಿಲ್ಲ.

೩. ಹೆಸರು ಮತ್ತು ಸ್ಪರ್ಶ

ಆದರೂ ಈ ಬಳಗದ ಆಕರ್ಷಣೆಯಲ್ಲಿ ಒಂದು ನ್ಯಾಯವಿದೆ. ಹಳ್ಳಿಯಲ್ಲಿ ಒಬ್ಬನ ಬೀದಿಯ ಹೆಸರು ಕೇಳಿದರೆ ಜಾತಿ ತಿಳಿಯುತ್ತದೆ. ಆಟದಲ್ಲಿ ಯಾರೂ ಬೀದಿಯನ್ನು ಕೇಳುವುದಿಲ್ಲ. ಹುಡುಗನು ತಾನೇ ಇಟ್ಟುಕೊಂಡ ಹೆಸರಿನಲ್ಲಿ ಬರುತ್ತಾನೆ. ಗುರಿ ಚೆನ್ನಾಗಿದ್ದರೆ ತಂಡದ ನಾಯಕನಾಗುತ್ತಾನೆ. ದಲಿತ ಕ್ರೈಸ್ತ ಮನೆಯ ಯೌವನಸ್ಥನಿಗೆ ಇದರ ಬೆಲೆ ಏನೆಂಬುದನ್ನು ಸಭೆ ಯೋಚಿಸಬೇಕು. ೧೯೫೦ರ ಪರಿಶಿಷ್ಟ ಜಾತಿಗಳ ಆದೇಶವು ಕ್ರೈಸ್ತರಾದ ದಲಿತರನ್ನು ಆ ಪಟ್ಟಿಯಿಂದ ಹೊರಗಿಟ್ಟಿದೆ; ೧೯೫೬ರಲ್ಲಿ ಸಿಖ್ಖರಿಗೂ ೧೯೯೦ರಲ್ಲಿ ಬೌದ್ಧರಿಗೂ ಅದು ವಿಸ್ತರಿಸಿತು, ಕ್ರೈಸ್ತರಿಗೆ ವಿಸ್ತರಿಸಲಿಲ್ಲ. ಅದರ ಫಲವಾಗಿ ಎಷ್ಟೋ ಮನೆಗಳಲ್ಲಿ ಶಾಲೆಯ ದಾಖಲೆಗೆ ಒಂದು ಹೆಸರು, ದೀಕ್ಷಾಸ್ನಾನಕ್ಕೆ ಇನ್ನೊಂದು ಹೆಸರು. ಹೀಗೆ ಎರಡು ಹೆಸರುಗಳ ನಡುವೆ ಬೆಳೆದವನು ಮೂರನೆಯ ಹೆಸರೊಂದನ್ನು ತಾನೇ ಆರಿಸಿಕೊಂಡು ಅದರಲ್ಲಿ ಕೆಲವು ಗಂಟೆ ನಿರಾಳವಾಗಿ ಉಸಿರಾಡಿದರೆ, ಅದನ್ನು ಸುಳ್ಳುಲೋಕವೆಂದು ಕರೆಯುವ ಮುನ್ನ ನಿಜಲೋಕ ಅವನಿಗೇನು ಕೊಟ್ಟಿತೆಂದು ಕೇಳಬೇಕಾಗುತ್ತದೆ.

ಹಾಗಾದರೆ ಜಾತಿಯ ಗಡಿ ಮುರಿಯಿತೇ? ಇಲ್ಲಿ ಹಳ್ಳಿಯ ಇನ್ನೊಂದು ಆಟವನ್ನು ಪಕ್ಕದಲ್ಲಿಡುವುದು ಉಪಯುಕ್ತ. ಕಬಡ್ಡಿ ಮುಟ್ಟುವ ಆಟ. ಉಸಿರು ಹಿಡಿದು ನಡುಗೆರೆಯನ್ನು ದಾಟಬೇಕು, ಎದುರಿನವರನ್ನು ಮುಟ್ಟಬೇಕು. ಅವರು ಕಾಲು ಹಿಡಿದು ಮಣ್ಣಿಗೆ ಕೆಡವುತ್ತಾರೆ. ಅಸ್ಪೃಶ್ಯತೆ ಇರುವಲ್ಲಿ ಯಾರು ಯಾರೊಡನೆ ಕಬಡ್ಡಿ ಆಡುತ್ತಾರೆ ಎಂಬುದು ಕಣ್ಣಿಗೆ ಕಾಣುವ ಪ್ರಶ್ನೆ. ಎರಡು ಬೀದಿಯ ಹುಡುಗರು ಒಂದೇ ಅಂಕಣಕ್ಕೆ ಇಳಿದರೆ ಊರಿನಲ್ಲಿ ಏನೋ ಒಂದು ಬದಲಾಗಿದೆಯೆಂದೇ ಅರ್ಥ. ಫೋನಿನ ಆಟದಲ್ಲಿ ಮುಟ್ಟುವ ಪ್ರಸಂಗವೇ ಬಾರದು. ಆದುದರಿಂದ ಅಲ್ಲಿ ಅಸ್ಪೃಶ್ಯತೆ ಸೋತಿಲ್ಲ. ಅದು ಪರೀಕ್ಷೆಗೆ ಒಳಗಾಗಿಲ್ಲ. ರಾತ್ರಿ ಒಂದೇ ತಂಡದಲ್ಲಿದ್ದ ಇಬ್ಬರು ಬೆಳಿಗ್ಗೆ ಒಂದೇ ಹೋಟೆಲಿನಲ್ಲಿ ಪರಸ್ಪರ ಗುರುತಿಲ್ಲದೆ ಬೇರೆ ಬೇರೆ ಬೆಂಚಿನಲ್ಲಿ ಕುಳಿತು ಎದ್ದು ಹೋಗಬಹುದು. ತಮ್ಮ ಆಟದ ಹೆಸರಿಗೇ ಜಾತಿಸೂಚಕ ಪದವನ್ನು ಅಂಟಿಸಿಕೊಳ್ಳುವವರೂ ಇದ್ದಾರೆ. ಹೆಣ್ಣುಮಕ್ಕಳ ಸ್ಥಿತಿ ಇನ್ನೂ ಕಷ್ಟದ್ದು: ಧ್ವನಿ ಕೇಳಿದೊಡನೆ ಅಸಭ್ಯ ಮಾತು ತೊಡಗುವುದರಿಂದ ಅನೇಕರು ಮೈಕನ್ನು ಮುಚ್ಚಿಕೊಂಡೇ ಆಡುತ್ತಾರೆ. ತನ್ನ ಸ್ವಂತ ಧ್ವನಿಯನ್ನು ಅಡಗಿಸಿದವಳಿಗೆ ಮಾತ್ರ ಜಾಗವಿರುವ ಬಳಗವನ್ನು ಗಡಿಯಿಲ್ಲದ್ದೆಂದು ಕರೆಯಲಾಗದು.

ಎಫೆಸದವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯ ಈ ವಿಷಯದಲ್ಲಿ ಬಹು ನಿಖರವಾಗಿದೆ. ಯೆರೂಸಲೇಮಿನ ದೇವಾಲಯದಲ್ಲಿ ಅನ್ಯಜನರು ಒಂದು ಎಲ್ಲೆಯನ್ನು ಮೀರಿದರೆ ಮರಣವೇ ಗತಿಯೆಂದು ಎಚ್ಚರಿಸುವ ಕಲ್ಲು ೧೮೭೧ರಲ್ಲಿ ದೊರೆತಿದೆ. ನಡುಗೋಡೆಯೆಂಬುದು ಕೇವಲ ಅಲಂಕಾರದ ಮಾತಾಗಿರಲಿಲ್ಲ. ಆ ಗೋಡೆ ಬಿದ್ದುದನ್ನು ಪತ್ರಿಕೆಯು ಕ್ರಿಸ್ತನ ಶರೀರಕ್ಕೂ ಶಿಲುಬೆಗೂ ಸೇರಿಸಿ ಹೇಳುತ್ತದೆ. ಗೋಡೆಯನ್ನು ಕಾಣದ ಲೋಕಕ್ಕೆ ಹೋಗಿ ಅಲ್ಲ, ಗೋಡೆಯಿರುವ ಸ್ಥಳದಲ್ಲೇ ಮೈಯೊಡ್ಡಿ ಅದನ್ನು ಕೆಡವಲಾಯಿತು. ಮಾರ್ಕನ ಸುವಾರ್ತೆಯ ಮೊದಲನೆಯ ಅಧ್ಯಾಯದಲ್ಲಿ ಯೇಸು ಕುಷ್ಠರೋಗಿಯನ್ನು ದೂರದಿಂದ ಮಾತಿನಲ್ಲೇ ಶುದ್ಧಮಾಡದೆ ಕೈಚಾಚಿ ಮುಟ್ಟಿದನೆಂಬುದನ್ನೂ ಇದರೊಡನೆ ಓದಬೇಕು.

೪. ಇಬೆಲಿನ್ ಎತ್ತುವ ಆಕ್ಷೇಪ

ನಮ್ಮ ವಾದಕ್ಕೆ ಬಲವಾದ ಎದುರುತ್ತರವೊಂದಿದೆ. ನಾರ್ವೆಯ ಮಾಟ್ಸ್ ಸ್ಟೇನ್ ಎಂಬ ಯುವಕ ಡುಶೆನ್ ಎಂಬ ಸ್ನಾಯುಕ್ಷಯದಿಂದ ಗಾಲಿಕುರ್ಚಿಯಲ್ಲಿ ಬದುಕಿ ೨೦೧೪ರ ನವೆಂಬರ್‌ನಲ್ಲಿ ೨೫ನೆಯ ವಯಸ್ಸಿನಲ್ಲಿ ತೀರಿಕೊಂಡನು. ಮಗನು ಗೆಳೆಯರಿಲ್ಲದೆ ಹೋದನೆಂದೇ ತಂದೆತಾಯಿ ನೊಂದಿದ್ದರು. ಅವನ ಬ್ಲಾಗಿನಲ್ಲಿ ತಂದೆ ಮರಣದ ಸುದ್ದಿ ಹಾಕಿದಾಗ ಹಲವು ದೇಶಗಳಿಂದ ಪತ್ರಗಳು ಬರತೊಡಗಿದವು. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಟದಲ್ಲಿ ಅವನು ಇಬೆಲಿನ್ ಎಂಬ ಹೆಸರಿನಿಂದ ‘ಸ್ಟಾರ್‌ಲೈಟ್’ ಬಳಗದ ಸದಸ್ಯನಾಗಿದ್ದನು. ಅನೇಕರ ದುಃಖಕ್ಕೆ ಕಿವಿಯಾಗಿದ್ದನು. ಆಟಿಸಂ ಇದ್ದ ಮಗನೊಡನೆ ಹತ್ತಿರವಾಗಲು ಒಬ್ಬ ತಾಯಿಗೆ ಆಟದ ಮೂಲಕವೇ ದಾರಿ ತೋರಿದ್ದನು. ಅವನ ಶವಸಂಸ್ಕಾರಕ್ಕೆ ಬಳಗದ ಕೆಲವರು ಹೊರದೇಶಗಳಿಂದ ಬಂದರು. ನಿರ್ದೇಶಕ ಬೆಂಜಮಿನ್ ರೀ ೨೦೨೪ರಲ್ಲಿ ಈ ಕಥೆಯನ್ನು ಸಾಕ್ಷ್ಯಚಿತ್ರವಾಗಿಸಿದ್ದಾರೆ. ಮಾಟ್ಸ್ ಆಟದಲ್ಲಿ ಆಡಿದ ಮಾತುಗಳ ದಾಖಲೆಯಿಂದ ದೃಶ್ಯಗಳನ್ನು ಮರಳಿ ಕಟ್ಟಿರುವುದು ಆ ಚಿತ್ರದ ವೈಶಿಷ್ಟ್ಯ.

ಮೈಯನ್ನು ಮರೆಮಾಡಿದ್ದರಿಂದಲೇ ಇವನಿಗೆ ಬಳಗ ದೊರೆಯಿತಲ್ಲವೇ? ಹೌದು. ಅಂಗವೈಕಲ್ಯವುಳ್ಳವರನ್ನು ಮೊದಲು ಕುರ್ಚಿಯಾಗಿ ಆಮೇಲೆ ಮನುಷ್ಯರಾಗಿ ನೋಡುವ ಲೋಕದಲ್ಲಿ ಆ ಮರೆ ಒಂದು ಕೃಪೆಯಾಗಿತ್ತು. ಇದನ್ನು ಒಪ್ಪದ ದೇವಶಾಸ್ತ್ರ ಕ್ರೂರವಾಗುತ್ತದೆ. ಆದರೆ ಚಿತ್ರವನ್ನು ಎಚ್ಚರದಿಂದ ನೋಡಿದವರಿಗೆ ಅದರ ಚಲನೆ ಮರೆಯಲ್ಲಿ ನಿಲ್ಲುವುದಿಲ್ಲವೆಂಬುದು ತಿಳಿಯುತ್ತದೆ. ವರ್ಷಗಳವರೆಗೆ ಮುಚ್ಚಿಟ್ಟ ಕಾಯಿಲೆಯನ್ನು ಮಾಟ್ಸ್ ಕಡೆಯಲ್ಲಿ ಬರೆದು ತಿಳಿಸಿದನು. ಗೆಳೆಯರು ಅವನನ್ನು ಬಿಟ್ಟು ಹೋಗಲಿಲ್ಲ. ಅವನು ತೀರಿಕೊಂಡಾಗ ಅವನ ನಿಜವಾದ ಹೆಸರನ್ನು ಹಿಡಿದು ಅವನ ಶವಪೆಟ್ಟಿಗೆಯ ಬಳಿಗೆ ಬಂದರು. ಗಡಿಯಿಲ್ಲದ ಬಳಗ ಅಲ್ಲಿ ಗಡಿ ದಾಟುವ ಬಳಗವಾಯಿತು. ಪರದೆಯ ಮೇಲಿನ ಸಂಬಂಧ ಸುಳ್ಳೆಂದು ಹೇಳುವವರಿಗೂ, ಅಷ್ಟೇ ಸಾಕೆಂದು ಹೇಳುವವರಿಗೂ ಈ ಒಂದೇ ಜೀವನ ಉತ್ತರವಾಗಿದೆ.

೫. ಪತ್ರ, ಮುಖ, ಪಂಕ್ತಿ

ಸಭೆಯೂ ಆದಿಯಲ್ಲಿ ದೂರದವರ ಬಳಗವೇ ಆಗಿತ್ತು. ರೋಮಾಪುರವನ್ನು ಕಾಣುವ ಮೊದಲೇ ಪೌಲನು ಅಲ್ಲಿಯವರಿಗೆ ಬರೆದನು. ಆ ಪತ್ರಿಕೆಯ ಕೊನೆಯ ಅಧ್ಯಾಯದಲ್ಲಿ ಒಬ್ಬೊಬ್ಬರನ್ನೂ ಹೆಸರು ಹಿಡಿದು ವಂದಿಸಿದನು. ತಾನು ಶರೀರದಲ್ಲಿ ದೂರವಿದ್ದರೂ ಆತ್ಮದಲ್ಲಿ ಜೊತೆಗಿದ್ದೇನೆಂದು ಕೊಲೊಸ್ಸೆಯವರಿಗೆ ತಿಳಿಸಿದನು. ೨೦೨೦ರ ಮಾರ್ಚ್‌ನಲ್ಲಿ ದೇವಾಲಯಗಳ ಬಾಗಿಲು ಮುಚ್ಚಿದಾಗ ನಾವೂ ಫೋನಿನಲ್ಲೇ ಆರಾಧಿಸಿದೆವು, ಸತ್ತವರಿಗಾಗಿ ಫೋನಿನಲ್ಲೇ ಅತ್ತೆವು. ಆದುದರಿಂದ ದೂರದ ಬಳಗವನ್ನು ಹುಸಿಯೆಂದು ಹೇಳುವ ಅಧಿಕಾರ ಸಭೆಗಿಲ್ಲ. ಆದರೆ ಯೋಹಾನನ ಎರಡನೆಯ ಮತ್ತು ಮೂರನೆಯ ಪತ್ರಿಕೆಗಳು ಕೊನೆಗೊಳ್ಳುವ ಬಗೆ ಗಮನಾರ್ಹ: ಬರೆಯುವುದು ಇನ್ನೂ ಬಹಳವಿದ್ದರೂ ಲೇಖಕನು ಮಸಿಯನ್ನು ಬದಿಗಿಟ್ಟು ಎದುರುಬದುರಾಗಿ ಮಾತಾಡುವ ದಿನವನ್ನು ಎದುರುನೋಡುತ್ತಾನೆ. ಪತ್ರವು ಮುಖದ ಕಡೆಗೆ ನಡೆಯುತ್ತಿದೆ. ಫಿಲೆಮೋನನಿಗೆ ಬರೆದ ಪತ್ರಿಕೆಯಲ್ಲಂತೂ ಅದು ಒನೇಸಿಮನ ಮೈಯೊಡನೆಯೇ ಒಡೆಯನ ಬಾಗಿಲಿಗೆ ಬಂದು ನಿಲ್ಲುತ್ತದೆ.

ಮುಖಾಮುಖಿಯ ಪರೀಕ್ಷೆ ನಡೆಯುವುದು ಊಟದಲ್ಲಿ. ನಮ್ಮ ಜಿಲ್ಲೆ ಇದನ್ನು ಬಲ್ಲದು. ಕೊಳ್ಳೇಗಾಲ ತಾಲ್ಲೂಕಿನ ಚಿಕ್ಕಲ್ಲೂರಿನಲ್ಲಿ ಪ್ರತಿವರ್ಷ ನಡೆಯುವ ಸಿದ್ದಪ್ಪಾಜಿಯ ಜಾತ್ರೆಯಲ್ಲಿ ಪಂಕ್ತಿಸೇವೆ ಎಂಬ ಆಚರಣೆಯುಂಟು. ಮಂಟೇಸ್ವಾಮಿ ಪರಂಪರೆಯ ಒಕ್ಕಲಿನವರು, ಹಲವು ಜಾತಿಗಳವರು, ಬಿಡಾರ ಹೂಡಿ ಅಡುಗೆ ಮಾಡಿ ಒಟ್ಟಿಗೆ ಉಣ್ಣುತ್ತಾರೆ. ಅದನ್ನು ನಮ್ಮ ಸಂಸ್ಕಾರದೊಡನೆ ಒಂದೆಂದು ಹೇಳುವುದು ನಮ್ಮ ಉದ್ದೇಶವಲ್ಲ. ಆದರೆ ಈ ನೆಲದ ಜನ ಬಳಗವನ್ನು ಎಲೆಯ ಮುಂದೆ ಕೂರಿಸಿ ಅಳೆದಿದ್ದಾರೆಂಬುದನ್ನು ದೇವಶಾಸ್ತ್ರ ಕಲಿಯಬೇಕು. ಕೊರಿಂಥದ ಸಭೆಯನ್ನು ಪೌಲನು ಗದರಿಸಿದ್ದೂ ಊಟದ ವಿಷಯದಲ್ಲೇ: ಒಬ್ಬನು ಹಸಿದಿರುವಾಗ ಇನ್ನೊಬ್ಬನು ಉಂಡು ಕುಡಿದರೆ ಅದು ಕರ್ತನ ಭೋಜನವಲ್ಲ. ದಕ್ಷಿಣ ಭಾರತದ ಸಭೆಗಳ ಚರಿತ್ರೆಯಲ್ಲಿ ಜಾತಿಗೊಂದು ಸಾಲು, ಜಾತಿಗೊಂದು ಸ್ಮಶಾನ ಇದ್ದುದು ದಾಖಲಾಗಿದೆ. ಆಟದ ಬಳಗ ಗಡಿಯನ್ನು ಮರೆಮಾಡಿತು; ಸಭೆ ಎಷ್ಟೋ ವೇಳೆ ಗಡಿಯನ್ನು ಕಂಡೂ ಅದಕ್ಕೆ ಸಾಲು ಹಾಕಿ ಕೊಟ್ಟಿತು. ಇವೆರಡರಲ್ಲಿ ಯಾವುದು ಹೆಚ್ಚಿನ ತಪ್ಪೆಂಬುದನ್ನು ನಾವು ಸುಲಭವಾಗಿ ನಮ್ಮ ಪರವಾಗಿ ತೀರ್ಮಾನಿಸಿಕೊಳ್ಳಲಾಗದು.

ಸಮಾಪ್ತಿ

ಹೀಗಿರುವಲ್ಲಿ ಗುಂಡ್ಲುಪೇಟೆ ಸೀಮೆಯಂಥ ಕಡೆ ಸೇವೆ ಮಾಡುವ ಸಭಾಪಾಲಕರ ಮುಂದೆ ಮೂರು ಕಾರ್ಯಗಳಿವೆ. ಮೊದಲನೆಯದಾಗಿ, ಎಷ್ಟು ಹೊತ್ತು ಆಡುತ್ತೀ ಎಂಬ ಪ್ರಶ್ನೆಗಿಂತ ಮುಂಚೆ ಯಾರೊಡನೆ ಆಡುತ್ತೀ ಎಂದು ಕೇಳಬೇಕು. ಉತ್ತರವಾಗಿ ಬರುವ ಹೆಸರುಗಳು ಸಭೆಯ ವಿಜ್ಞಾಪನೆಯ ಪ್ರಾರ್ಥನೆಯಲ್ಲಿ ಸೇರಲು ಅರ್ಹವಾದವು. ಎರಡನೆಯದಾಗಿ, ಆ ಗೆಳೆತನ ಪತ್ರದಿಂದ ಮುಖದ ಕಡೆಗೆ ನಡೆಯಲು ಯೌವನಸ್ಥರಿಗೆ ನೆರವಾಗಬೇಕು. ಬತ್ತೇರಿ, ಗೂಡಲೂರುಗಳಲ್ಲಿಯೂ ಸಭೆಗಳಿವೆ. ಹಗಲಿನಲ್ಲಿ ದಾರಿ ತೆರೆದಿರುತ್ತದೆ. ಮೂರು ಭಾಷೆಯ ಯೌವನಸ್ಥರು ಒಂದು ದಿನ ಒಂದು ಅಂಕಣದಲ್ಲಿ ಕಬಡ್ಡಿಯಾಡಿ ಒಂದು ಪಂಕ್ತಿಯಲ್ಲಿ ಉಣ್ಣುವುದಕ್ಕೆ ದೊಡ್ಡ ಯೋಜನೆಯೇನೂ ಬೇಕಿಲ್ಲ. ವ್ಯಸನಕ್ಕೆ ಸಿಲುಕಿದವರನ್ನು ಗದರಿಸಿ ಬಿಡದೆ ಚಿಕಿತ್ಸೆಗೆ ಕರೆದೊಯ್ಯುವುದೂ ಈ ನೆರವಿನ ಭಾಗವೇ.

ಮೂರನೆಯದು ಕಠಿಣವಾದುದು. ರಾತ್ರಿಯ ಬಳಗದಲ್ಲಿ ಕೇಳದ ಜಾತಿಯನ್ನು ಭಾನುವಾರದ ಬಳಗ ಕೇಳುತ್ತಿದೆಯೇ ಎಂದು ಪ್ರತಿಯೊಂದು ಸಭೆಯೂ ತನ್ನ ಮದುವೆಗಳಲ್ಲಿ, ಹಿರಿಯರ ಮಂಡಳಿಯಲ್ಲಿ, ಸ್ಮಶಾನದಲ್ಲಿ ಪರೀಕ್ಷಿಸಿಕೊಳ್ಳಬೇಕು. ದೀಕ್ಷಾಸ್ನಾನದಲ್ಲಿ ಕೊಟ್ಟ ಹೆಸರು ಆಟದಲ್ಲಿ ಆರಿಸಿಕೊಂಡ ಹೆಸರಿನಷ್ಟಾದರೂ ಗೌರವವನ್ನು ತರದಿದ್ದರೆ ಯೌವನಸ್ಥರು ಎದ್ದು ಹೋಗುವುದನ್ನು ನಾವು ಖಂಡಿಸಬಹುದು, ತಡೆಯಲಾರೆವು.